ಬೆಂಗಳೂರಿನ ನಲ್ಲಿಯಿಂದ ನಮ್ಮೂರ ಕೆರೆಯವರೆಗೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಆಡಳಿತ ಮಂಡಳಿಯವರು ಕೇಳಿದರು. ಹಾಲಿನ ವಿಚಾರ ಬರೆಯುವವರು ಈ ಸಂಚಿಕೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ನೀರಿನ ವಿಚಾರ ಬರೆಯೋಣವೆಂದು ನಿಶ್ಚಯಿಸಿದೆವು. ನೀರಿಲ್ಲದೆ ಮೇವಿಲ್ಲ, ಮೇವಿಲ್ಲದೆ ಹಾಲಿಲ್ಲ, ಹಾಲಿಲ್ಲದೆ ಸಂಘವೇ ಇಲ್ಲ.

2018ರಿಂದ ನಮ್ಮ ಕೋಲಾರ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ಆ ಸುದ್ದಿ ಬಂದಾಗ ಅರಳಿಕಟ್ಟೆಯ ಮೇಲೆ ನಡೆದ ಮಾತು ನಿಮಗೆಲ್ಲ ನೆನಪಿರಬಹುದು. "ಬೆಂಗಳೂರೋರ ಕಕ್ಕಸ್ಸು ನೀರಂತೆ ಕಣಣ್ಣಾ, ಮುಟ್ಟಬಾರದಂತೆ" ಅಂದವರುಂಟು. "ಏನಾದ್ರೂ ಆಗ್ಲಿ ಬಿಡಪ್ಪ, ಕೆರೆ ತುಂಬ್ತಲ್ಲ, ಅಷ್ಟು ಸಾಕು" ಅಂದವರೂ ಉಂಟು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಪೂರ್ತಿ ಸತ್ಯ ತಿಳಿಯಬೇಕಾದರೆ ಆ ನೀರು ಎಲ್ಲಿಂದ ಹೊರಟಿತು, ಯಾವ ಯಾವ ದಾರಿ ತುಳಿದು ಬಂತು ಎಂಬುದನ್ನು ನೋಡಬೇಕು.

ಬೆಂಗಳೂರೂ ಒಂದು ಕಾಲಕ್ಕೆ ನಮ್ಮಂತೆಯೇ ಕೆರೆ ಬಾವಿಗಳನ್ನು ನಂಬಿದ್ದ ಊರು. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಕೆಂಪೇಗೌಡರ ಕಾಲದಿಂದ ಅಲ್ಲಿನ ಜನ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮುಂತಾದ ಕೆರೆಗಳ ನೀರು ಬಳಸಿ ಬದುಕಿದರು. ಇಂದು ನಾವು ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುವ ಜಾಗವೇ ಆ ಧರ್ಮಾಂಬುಧಿ ಕೆರೆಯ ಅಂಗಳ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ಮನೆಗೆ ನಲ್ಲಿ ಬಂದ ಮೇಲೆ ಊರು ಕೆರೆಯನ್ನು ಮರೆಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಲ್ಲಿ ನೀರು ಬಂದದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಅರ್ಕಾವತಿ ನದಿಗೆ ಅಡ್ಡಲಾಗಿದ್ದ ಹೆಸರಘಟ್ಟ ಕೆರೆಯನ್ನು ಬಲಪಡಿಸಿ, ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರ ಕೂರಿಸಿ ನೀರು ಮೇಲೆತ್ತಿ, 1896ರಲ್ಲಿ ನಗರಕ್ಕೆ ಕೊಟ್ಟರು. ಎರಡು ವರ್ಷ ಕಳೆಯುವಷ್ಟರಲ್ಲಿ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಡಿಯಿತು. ಇಕ್ಕಟ್ಟಾದ ಪೇಟೆ, ಗಾಳಿ ಬೆಳಕಿಲ್ಲದ ಮನೆ, ಬೀದಿಯಲ್ಲೇ ಕೊಳಕು. ನೀರು ಕೊಟ್ಟರೆ ಸಾಲದು, ಊರಿನ ಕೊಳಕು ಹೊರಹೋಗಲೂ ದಾರಿ ಬೇಕೆಂಬುದು ಆಗ ಮನವರಿಕೆಯಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಅಗಲ ಬೀದಿಗಳ ಜೊತೆ ಕಟ್ಟಿದರು. ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಬಿಟ್ಟರು. ಆ ಗಲ್ಲಿ ಇದ್ದದ್ದು ಮಲ ಹೊರುವವರು ಬಂದು ಹೋಗಲಿಕ್ಕೆ. ಊರಿನ ಶುಚಿತ್ವದ ಭಾರವನ್ನು ಒಂದು ಜನವರ್ಗದ ತಲೆಯ ಮೇಲೆ ಹೊರಿಸಿದ ಆ ಕಾಲವನ್ನು ನಾವು ಮರೆಯಬಾರದು. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ಈ ಪದ್ಧತಿಯನ್ನು ನಿಲ್ಲಿಸಲು ಆಜ್ಞೆ ಮಾಡಿದರು. ಆಮೇಲೆ 1993ರಲ್ಲಿ, ಮತ್ತೆ 2013ರಲ್ಲಿ ಕೇಂದ್ರದ ಕಾನೂನುಗಳು ಬಂದವು. ಇಷ್ಟಾದರೂ ಮ್ಯಾನ್‌ಹೋಲಿಗೆ ಇಳಿದು ಪ್ರಾಣ ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದ್ದದ್ದು ನಾಚಿಕೆಯ ಸಂಗತಿ.

ಹೆಸರಘಟ್ಟ ಬತ್ತತೊಡಗಿದ ಮೇಲೆ ಅರ್ಕಾವತಿ, ಕುಮುದ್ವತಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ಕಟ್ಟಿದರು. 1933ರಲ್ಲಿ ಅದರ ನೀರು ಬಂತು. ಚಾಮರಾಜ ಸಾಗರವೆಂದರೆ ಅದೇ. ಊರು ಬೆಳೆಯಿತು, ಅದೂ ಸಾಲದಾಯಿತು. 1964ರಲ್ಲಿ ನೀರು ಮತ್ತು ಒಳಚರಂಡಿ ಎರಡನ್ನೂ ನೋಡಿಕೊಳ್ಳಲು ಒಂದೇ ಮಂಡಳಿ ಮಾಡಿದರು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಅಂದರೆ ಅದು. ಮನೆಗೆ ಬಂದ ನೀರೇ ಚರಂಡಿಗೆ ಹೋಗುವುದರಿಂದ ಲೆಕ್ಕ ಒಂದೇ ಕಡೆ ಇರಲಿ ಎಂಬ ಏರ್ಪಾಡು ಇಲ್ಲಿದೆ. ನೀರಿನ ಬಿಲ್ಲಿನಲ್ಲೇ ಒಳಚರಂಡಿಯ ಶುಲ್ಕವೂ ಸೇರಿರುತ್ತದೆ.

1974ರಲ್ಲಿ ಕಾವೇರಿ ಬಂದಳು. ಶಿವ ಅಣೆಕಟ್ಟಿನಿಂದ ಕಾಲುವೆಯಲ್ಲಿ ನೀರು ನೆಟ್ಕಲ್ ಜಲಾಶಯಕ್ಕೆ, ಅಲ್ಲಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಹರಿಯುತ್ತದೆ. ಅಲ್ಲಿ ಪಟಿಕ ಹಾಕಿ ಮಣ್ಣು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುತ್ತಾರೆ. ಆಮೇಲೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪುಗಳು ನೀರನ್ನು ಮೇಲಕ್ಕೆ ತಳ್ಳಬೇಕು. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ. ನಮ್ಮ ತೋಟದ ಬೋರ್‌ವೆಲ್ಲಿಗೆ ಕರೆಂಟು ಎಷ್ಟು ಬೇಕೆಂದು ಬಲ್ಲ ನಮಗೆ, ಆ ನೀರಿನ ಬೆಲೆಯಲ್ಲಿ ಕರೆಂಟಿನ ಪಾಲೇ ದೊಡ್ಡದು ಎಂದರೆ ಆಶ್ಚರ್ಯವಾಗಲಾರದು. 2014ರ ನಂತರ ಏರದೆ ಇದ್ದ ದರ 2025ರಲ್ಲಿ ಏರಿತು.

ಕಾವೇರಿ ಯೋಜನೆ ಹಂತ ಹಂತವಾಗಿ 1982, 1993, 2002, 2012ರಲ್ಲಿ ಬೆಳೆಯುತ್ತಾ ದಿನಕ್ಕೆ ಸುಮಾರು 145 ಕೋಟಿ ಲೀಟರಿಗೆ ಬಂತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಸಲುವಾಗಿ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅದು ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ.

ಇಷ್ಟು ನೀರು ಬಂದರೂ ನಲ್ಲಿ ದಿನವಿಡೀ ಸುರಿಯುವುದಿಲ್ಲ. ದೊಡ್ಡ ತೊಟ್ಟಿಗಳಲ್ಲಿ ಶೇಖರಿಸಿ, ಬಡಾವಣೆಗೊಂದು ಸರದಿ ಮಾಡಿ ಬಿಡುತ್ತಾರೆ. ಬೀದಿಯ ವಾಲ್ವ್ ತಿರುಗಿಸಲು ಒಬ್ಬ ವಾಲ್ವ್‌ಮನ್ ಬರುತ್ತಾನೆ. ಹೆಚ್ಚು ಕಡೆ ದಿನ ಬಿಟ್ಟು ದಿನ. ಅದಕ್ಕೇ ಅಲ್ಲಿ ಮನೆಮನೆಗೂ ನೆಲದಡಿ ಒಂದು ಸಂಪು, ತಾರಸಿ ಮೇಲೊಂದು ಟ್ಯಾಂಕು. ನಮ್ಮ ಹಿರಿಯರು ಕೇಳಿದರೆ, "ಓ, ಅವನು ಅಲ್ಲಿಯ ನೀರಗಂಟಿ ಕಣ್ರಪ್ಪ" ಅನ್ನುತ್ತಾರೆ. ನಿಜ. ತೂಬು ತೆಗೆದು, ಗದ್ದೆಗೆ ಇಷ್ಟು ಹೊತ್ತು ಎಂದು ಹಂಚುತ್ತಿದ್ದ ನಮ್ಮ ನೀರಗಂಟಿ ಮಾಡುತ್ತಿದ್ದ ಕೆಲಸವೇ ಅದು. ನೀರಗಂಟಿ ನ್ಯಾಯವಾಗಿದ್ದರೆ ಕೊನೆಯ ಗದ್ದೆಗೂ ನೀರು, ಇಲ್ಲದಿದ್ದರೆ ಜಗಳ.

ಬಳಸಿದ ನೀರಿನ ದಾರಿ ಇದಕ್ಕೆ ತಿರುವುಮುರುವು. ಬರುವ ನೀರನ್ನು ಪಂಪು ಎತ್ತಬೇಕು, ಹೋಗುವ ನೀರನ್ನು ಬಹುಮಟ್ಟಿಗೆ ಇಳಿಜಾರೇ ಒಯ್ಯುತ್ತದೆ. ಬಚ್ಚಲು, ಅಡುಗೆಮನೆ, ಕಕ್ಕಸ್ಸುಗಳ ನೀರು ಮನೆಯ ಮುಂದಿನ ಚೇಂಬರಿಗೆ, ಅಲ್ಲಿಂದ ಬೀದಿಯ ಕೊಳವೆಗೆ, ಮ್ಯಾನ್‌ಹೋಲುಗಳ ಮೂಲಕ ದೊಡ್ಡ ಕೊಳವೆಗೆ ಸೇರುತ್ತದೆ. ಬೆಂಗಳೂರು ಎತ್ತರದ ಏಣಿನ ಮೇಲಿರುವುದರಿಂದ ನೀರು ಮುಖ್ಯವಾಗಿ ಮೂರು ಕಣಿವೆಗಳಿಗೆ ಇಳಿಯುತ್ತದೆ. ವೃಷಭಾವತಿ ಕಣಿವೆಯದು ಅರ್ಕಾವತಿಯ ಕಡೆಗೆ, ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳದು ದಕ್ಷಿಣ ಪಿನಾಕಿನಿಯ ಕಡೆಗೆ. ಮಳೆನೀರಿನ ರಾಜಕಾಲುವೆ ಬೇರೆ, ಒಳಚರಂಡಿ ಬೇರೆ ಇರಬೇಕೆಂಬುದು ನಿಯಮ. ಅವೆರಡೂ ಬೆರೆತ ಕಡೆಯಲ್ಲೆಲ್ಲ ಕೆರೆಗಳು ಕೆಟ್ಟವು. ನೊರೆ ಕಾರುತ್ತಿದ್ದ ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿಯೇ ಹತ್ತಿದ್ದನ್ನು ದೇಶವೆಲ್ಲ ನೋಡಿತು.

ಕಣಿವೆಯ ತಗ್ಗಿನಲ್ಲಿ ಸಂಸ್ಕರಣಾ ಘಟಕಗಳಿವೆ. ಮೊದಲು ಜಾಲರಿಯಲ್ಲಿ ಕಸ ತೆಗೆದು, ಮರಳು ಬೇರ್ಪಡಿಸಿ, ಗಷ್ಟು ತಳಕ್ಕೆ ಕೂರುವಂತೆ ಮಾಡುತ್ತಾರೆ. ನಂತರ ನೀರಿಗೆ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಾರೆ. ಆ ಜೀವಿಗಳೇ ಕೊಳಕನ್ನು ತಿನ್ನುತ್ತವೆ. ಆಮೇಲೆ ಮತ್ತೊಮ್ಮೆ ತಿಳಿಯಾಗಿಸಿ ಬಿಡುತ್ತಾರೆ. ಇದಕ್ಕೆ ಎರಡನೇ ಹಂತದ ಸಂಸ್ಕರಣೆ ಎಂದು ಹೆಸರು. ಇನ್ನೂ ಸೂಕ್ಷ್ಮವಾಗಿ ಸೋಸುವ ಮೂರನೇ ಹಂತವೂ ಒಂದಿದೆ.

ನಮ್ಮ ಜಿಲ್ಲೆಗೆ ಬರುವುದು ಎರಡನೇ ಹಂತದ ನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ, ಅಂದರೆ ನಾವೆಲ್ಲ ಹೇಳುವ ಕೆ.ಸಿ. ವ್ಯಾಲಿಯಿಂದ, ದಿನಕ್ಕೆ 44 ಕೋಟಿ ಲೀಟರ್ ತಂದು ಮೊದಲಿಗೆ 126 ಕೆರೆಗಳನ್ನು ತುಂಬಿಸಬೇಕೆಂಬುದು ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಮರು ತಿಂಗಳೇ ನೊರೆ ಕಂಡು ಜನ ಬೆದರಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು, ನೀರು ನಿಂತು ಮತ್ತೆ ಹರಿಯಿತು. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ರೈತರ ಬೇಡಿಕೆ ಆಗಿನಿಂದ ಕೇಳಿಬಂದಿದೆ. ನಮ್ಮ ಅಭಿಪ್ರಾಯದಲ್ಲಿ ಅದು ನ್ಯಾಯವಾದ ಬೇಡಿಕೆ.

ಸಾವಿರ ಅಡಿ ಕೊರೆದು ಧೂಳು ಕಂಡ ಜನ ನಾವು. ಸಿಕ್ಕ ನೀರಿನಲ್ಲೂ ಫ್ಲೋರೈಡು. ಕೆರೆ ತುಂಬಿದ ಮೇಲೆ ಬತ್ತಿದ ಬೋರುಗಳಲ್ಲಿ ನೀರು ಕಂಡದ್ದು ಸುಳ್ಳಲ್ಲ. ಹಾಗೆಂದು ಅದು ಕುಡಿಯುವ ನೀರೂ ಅಲ್ಲ. ಯೋಜನೆಯ ಉದ್ದೇಶ ಅಂತರ್ಜಲ ಹೆಚ್ಚಿಸುವುದು ಮಾತ್ರ. ನಮ್ಮ ಸದಸ್ಯರಲ್ಲಿ ವಿನಂತಿ ಇಷ್ಟೆ: ಆ ಕೆರೆಗೆ ಹಸು ಕರುಗಳನ್ನು ಕುಡಿಯಲು ಬಿಡಬೇಡಿ, ಹಾಲಿನ ಕ್ಯಾನು ತೊಳೆಯಬೇಡಿ, ಬೋರಿನ ನೀರನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ.

ಕೊನೆಯದಾಗಿ ನಮ್ಮೂರಿನ ಮಾತು. ಈಗ ನಮ್ಮಲ್ಲೂ ಮನೆಮನೆಗೆ ನಲ್ಲಿ ಬಂದಿದೆ. ಬಿಂದಿಗೆ ಹೊತ್ತ ಅಕ್ಕತಂಗಿಯರ ಸೊಂಟಕ್ಕೆ ಬಿಡುವಾಯಿತು, ಬಹಳ ಸಂತೋಷ. ಆದರೆ ಬಿಂದಿಗೆಯಲ್ಲಿ ತಂದ ನೀರಿಗೂ ನಲ್ಲಿಯ ನೀರಿಗೂ ವ್ಯತ್ಯಾಸವಿದೆ. ಹೊತ್ತು ತಂದದ್ದನ್ನು ಯಾರೂ ಚೆಲ್ಲುವುದಿಲ್ಲ. ಬೆಂಗಳೂರಿನಲ್ಲಾದಂತೆ, ಬಳಸಿದ ನೀರು ಬೀದಿಯ ಮೋರಿ ಹಿಡಿದು ನೇರ ಕೆರೆಗೆ ಇಳಿಯುತ್ತಿದೆ. ಊರಾಚೆಯವರ ಚರಂಡಿ ನೀರಿನ ಬಗ್ಗೆ ಅರಳಿಕಟ್ಟೆಯಲ್ಲಿ ನ್ಯಾಯ ಹೇಳುವ ನಾವು, ನಮ್ಮ ಮೋರಿ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ನಡೆದು ನೋಡಬೇಕು. ಮನೆಗೊಂದು ಇಂಗುಗುಂಡಿ ತೋಡಿದರೆ, ಬಚ್ಚಲ ನೀರನ್ನು ಹಿತ್ತಲ ಬಾಳೆಗೋ ಮೇವಿಗೋ ತಿರುಗಿಸಿದರೆ, ಅರ್ಧ ಕೆಲಸ ಆಯಿತು. ಉಳಿದ ಅರ್ಧ ಪಂಚಾಯ್ತಿಯನ್ನು ಕೇಳಿ ಪಡೆಯಬೇಕು.

ಒಬ್ಬೊಬ್ಬರ ಮನೆಯ ಒಂದೆರಡು ಲೀಟರ್ ಹಾಲು ಸೇರಿ ಕ್ಯಾನು ತುಂಬುತ್ತದೆ, ಕ್ಯಾನುಗಳು ಸೇರಿ ಸಂಘ ನಿಲ್ಲುತ್ತದೆ. ಹಾಲಿನಲ್ಲಿ ನಾವು ಕಲಿತ ಈ ಪಾಠವನ್ನು ನೀರಿನಲ್ಲೂ ನಡೆಸಿದರೆ, ಸಂಘದ ಸುವರ್ಣ ಮಹೋತ್ಸವದ ವೇಳೆಗೆ ನಮ್ಮ ಮಕ್ಕಳು ತಿಳಿಯಾದ ಕೆರೆಯ ಏರಿಯ ಮೇಲೆ ನಿಲ್ಲುವಂತಾದೀತು ಎಂಬುದೇ ನಮ್ಮ ಹಾರೈಕೆ.