ಉಳ್ಳಾಗಡ್ಡಿಯಿಂದ ಎದೆಗೂಡಿಗೆ

ನಮ್ಮ ಹುಡಗಿಯ ಮನೆಯಲ್ಲಿ ಉಳ್ಳಾಗಡ್ಡಿ ಕೊಳೆತರೆ ಅವ್ವ ಅದನ್ನು ಆರಿಸಿ ತಿಪ್ಪೆಗೆ ಎಸೆಯುತ್ತಾಳೆ, ಅಲ್ಲಿಗೆ ಮುಗಿಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯರೋಗತಜ್ಞ ವಾಲ್ಟರ್ ಬುರ್ಖೋಲ್ಡರ್ ಎಸೆಯಲಿಲ್ಲ. ನ್ಯೂಯಾರ್ಕ್ ಸೀಮೆಯ ಹುಳಿವಾಸನೆಯ ಗಡ್ಡೆಗಳಲ್ಲಿ ಕಂಡ ಬ್ಯಾಕ್ಟೀರಿಯಾವನ್ನು 1950ರಲ್ಲಿ ವಿವರಿಸಿ, ಉಳ್ಳಾಗಡ್ಡಿಯ ಲ್ಯಾಟಿನ್ ಹೆಸರಿನಿಂದಲೇ 'ಸೆಪೇಶಿಯ' ಎಂದು ಕರೆದ.

ಆಗ ಅದು ರೈತರ ತಲೆನೋವು ಮಾತ್ರ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅದು ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳ ಎದೆಯಲ್ಲಿ ಸಿಕ್ಕಿತು. ಈ ಆನುವಂಶಿಕ ಕಾಯಿಲೆಯಲ್ಲಿ ಶ್ವಾಸಕೋಶದ ಕಫ ಅಂಟಂಟಾಗಿ ನಿಂತುಬಿಡುತ್ತದೆ. ಆರೋಗ್ಯವಂತರನ್ನು ಏನೂ ಮಾಡದ ಮಣ್ಣಿನ ಜೀವಿಯೂ ಅಲ್ಲಿ ಬೇರೂರುತ್ತದೆ. 1984ರಲ್ಲಿ ಟೊರಾಂಟೊ ವೈದ್ಯರು, ಸೋಂಕು ತಗುಲಿದ ಕೆಲವರು ಜ್ವರ, ನ್ಯುಮೋನಿಯಾದಿಂದ ಬಹುಬೇಗ ತೀರಿಕೊಂಡದ್ದನ್ನು ವರದಿ ಮಾಡಿದರು. ಮುಂದೆ ಅದೇ ತಳಿ ಸಾಗರದಾಚೆಯ ಎಡಿನ್‌ಬರೋದಲ್ಲೂ ಕಂಡಿತು. ಅದಕ್ಕೆ 'ಇಟಿ12' ಎಂದು ಹೆಸರು. ದಾಟಿಸಿದ್ದು ಗಾಳಿಯಲ್ಲ, ಗೆಳೆತನ. ರೋಗಿಗಳು ಒಟ್ಟಿಗೆ ಕಳೆದ ಬೇಸಿಗೆ ಶಿಬಿರಗಳತ್ತ ಬೆರಳು ತಿರುಗಿತು. 1990ರ ದಶಕದಲ್ಲಿ ಅಂಥ ಶಿಬಿರಗಳು ಮುಚ್ಚತೊಡಗಿದವು. ತಮ್ಮಂಥದೇ ಕಾಯಿಲೆಯವರ ಪಕ್ಕ ಕೂರುವುದೇ ಮಕ್ಕಳಿಗೆ ನಿಷಿದ್ಧವಾಯಿತು. ಇಂಥ ಕ್ರೂರ ವಿವೇಕ ವೈದ್ಯಚರಿತ್ರೆಯಲ್ಲಿ ನನಗೆ ಹೆಚ್ಚು ಸಿಕ್ಕಿಲ್ಲ.

ಇದೇ ಕುಲದ ಇನ್ನೊಂದು ಜೀವಿ ನಮಗೆ ಹತ್ತಿರದ್ದು. ರಂಗೂನಿನಲ್ಲಿ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ 1912ರಲ್ಲಿ ವಿವರಿಸಿದ ಮೆಲಿಯೊಯ್ಡೋಸಿಸ್‌ಗೆ ಅದು ಕಾರಣ. (ರೋಗಕ್ಕೆ ವಿಟ್‌ಮೋರ್ ಹೆಸರು ಅಂಟಿತು; ಕೃಷ್ಣಸ್ವಾಮಿಯದು ಅಡಿಟಿಪ್ಪಣಿಗೆ ಹೋಯಿತು.) ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು ಕರಾವಳಿಯ ಮಳೆಗಾಲದಲ್ಲಿ ಇದನ್ನು ನೋಡುತ್ತಲೇ ಇದ್ದಾರೆ. ಉತ್ತರ ಆಸ್ಟ್ರೇಲಿಯಾದಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಎದೆಗೂ ಇದೇ ಬ್ಯಾಕ್ಟೀರಿಯಾ ಇಳಿದಿದೆ. ತಣ್ಣನೆ ದೇಶದ ರೋಗಿಗೆ ಶಿಬಿರದ ಗೆಳೆಯ ಅಪಾಯವಾದರೆ, ಬಿಸಿ ದೇಶದವನಿಗೆ ಗದ್ದೆಯ ಕೆಸರು.

ನಮ್ಮ ಬೀದರ ಸೀಮೆಯಲ್ಲಿ ಇಂಥ ನಕ್ಷೆ ಬರೆಯಲು ಮೊದಲು ರೋಗಕ್ಕೆ ಹೆಸರಿಡಬೇಕು. ಭಾರತದಲ್ಲಿ ಕೆಮ್ಮಿ ಕೆಮ್ಮಿ ಸೊರಗುವ ಮಗುವಿಗೆ ಬಹಳ ಸಲ ಸಿಗುವುದು ಕ್ಷಯ ಅಥವಾ ಅಸ್ತಮಾ ಎಂಬ ಚೀಟಿ. ಮಗುವಿಗೆ ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತದೆ ಎಂದು ತಾಯಿ ಹೇಳಿದರೆ, ಇಲ್ಲಿಯ ಬಿಸಿಲಿಗೆ ಯಾರ ಬೆವರು ಉಪ್ಪಲ್ಲ ಎಂದುಬಿಡುತ್ತೇವೆ. ಆ ಉಪ್ಪನ್ನು ಅಳೆಯುವ ಬೆವರಿನ ಪರೀಕ್ಷೆಯೇ ಈ ಕಾಯಿಲೆಯನ್ನು ಗುರುತಿಸುವ ಹಳೆಯ, ಇಂದಿಗೂ ನಂಬಬಹುದಾದ ದಾರಿ.