ದೃಷ್ಟಿನರದ ಉರಿಯೂತ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್

ಕಣ್ಣಿನಿಂದ ಮಿದುಳಿಗೆ ಸಂಕೇತ ಒಯ್ಯುವ ನರ ಉರಿಯೂತಕ್ಕೆ ಸಿಕ್ಕಿ, ಅದರ ತಂತುಗಳ ಮಯಲಿನ್ ಹೊದಿಕೆ ಕಳಚುವ ಕಾಯಿಲೆಯೇ ದೃಷ್ಟಿನರದ ಉರಿಯೂತ. ಹೆಚ್ಚಾಗಿ ಹರೆಯದ ಹೆಂಗಸರಲ್ಲಿ, ಒಂದೇ ಕಣ್ಣಿಗೆ ಬರುತ್ತದೆ. ಕಣ್ಣು ಹೊರಳಿಸಿದರೆ ನೋವು, ಕೆಲವೇ ದಿನಗಳಲ್ಲಿ ಮಸುಕು ದೃಷ್ಟಿ, ಪೇಲವವಾಗಿ ಕಾಣುವ ಕೆಂಪು ಬಣ್ಣ ಇದರ ಲಕ್ಷಣಗಳು. ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ದೃಷ್ಟಿ ಮರಳುತ್ತದೆ. ಆದರೆ ಮಿದುಳು ಮತ್ತು ಬೆನ್ನುಹುರಿಯ ಮಯಲಿನ್ ಅನ್ನು ಮತ್ತೆ ಮತ್ತೆ ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಹಲವರಲ್ಲಿ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ.

ಯಾರಿಗೆ ಎಂಎಸ್ ಬಂದೀತು? ಅಮೆರಿಕದ 'ಆಪ್ಟಿಕ್ ನ್ಯೂರೈಟಿಸ್ ಟ್ರೀಟ್‌ಮೆಂಟ್ ಟ್ರಯಲ್' ಈ ಪ್ರಶ್ನೆಗೆ ಕೊಟ್ಟ ಉತ್ತರ ಇಂದಿಗೂ ಆಧಾರ. 1988ರಿಂದ 1991ರವರೆಗೆ ಅದಕ್ಕೆ ಸೇರಿದವರು 450ಕ್ಕೂ ಹೆಚ್ಚು ಮಂದಿ. ರಕ್ತನಾಳಕ್ಕೆ ಕೊಟ್ಟ ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಚೇತರಿಕೆಯನ್ನು ಬೇಗ ತಂದಿತೇ ಹೊರತು ಕೊನೆಯಲ್ಲಿ ಉಳಿದ ದೃಷ್ಟಿಯನ್ನು ಹೆಚ್ಚಿಸಲಿಲ್ಲ. ಸಾಮಾನ್ಯ ಪ್ರಮಾಣದ ಸ್ಟೆರಾಯ್ಡ್ ಮಾತ್ರೆಯನ್ನಷ್ಟೇ ನುಂಗಿದವರಲ್ಲಿ ಕಾಯಿಲೆ ಮರುಕಳಿಸಿದ್ದೇ ಹೆಚ್ಚು. ಆ ರೂಢಿ ಅಲ್ಲಿಗೆ ಬಿಟ್ಟುಹೋಯಿತು. ಚಿಕಿತ್ಸೆಗೆಂದು ಹೊರಟ ಪ್ರಯೋಗದ ದೊಡ್ಡ ಫಲ ಮಾತ್ರ ಮುನ್ಸೂಚನೆ. ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ಗಮನಿಸಲಾಗಿ, 15 ವರ್ಷಗಳಲ್ಲಿ ಅರ್ಧದಷ್ಟು ಮಂದಿಗೆ ಎಂಎಸ್ ಖಚಿತವಾಯಿತು. ಆರಂಭದ ಎಂಆರ್‌ಐಯಲ್ಲಿ ಮಿದುಳು ನಿರ್ಮಲವಾಗಿದ್ದವರಲ್ಲಿ ಈ ಪ್ರಮಾಣ ಶೇ. 25; ಒಂದಾದರೂ ಕಲೆ ಇದ್ದವರಲ್ಲಿ ಶೇ. 72. ಎಂಆರ್‌ಐ ನಿರ್ಮಲವಾಗಿದ್ದು, ನೋವೇ ಇಲ್ಲದೆ ದೃಷ್ಟಿ ಕುಂದಿದವರಲ್ಲಿ ಯಾರಿಗೂ ಎಂಎಸ್ ಬರಲಿಲ್ಲ. ಅಲ್ಲಿ ಎಂಎಸ್ ಎಂದು ಎಣಿಸಿದ್ದು ಎರಡನೆಯ ದಾಳಿಯಾದ ಮೇಲೆ. ಇಂದಿನ ಮಾನದಂಡಗಳು ಎಂಆರ್‌ಐ ನೋಡಿ ಮೊದಲೇ ನಿರ್ಣಯಿಸಲು ಬಿಡುವುದರಿಂದ ಈ ಅಂಕಿಗಳನ್ನು ಈಗಿನ ರೋಗಿಗೆ ನೇರವಾಗಿ ಅನ್ವಯಿಸಬಾರದು.

ಉರಿಯೂತ ಏಕೆ ಹೊತ್ತಿಕೊಳ್ಳುತ್ತದೆ ಎಂಬುದು ಪೂರ್ತಿ ತಿಳಿದಿಲ್ಲ. ಅಮೆರಿಕದ ಸೇನಾ ಸಿಬ್ಬಂದಿಯ ರಕ್ತಮಾದರಿಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ, ಎಪ್‌ಸ್ಟೈನ್-ಬಾರ್ ವೈರಸ್ ಸೋಂಕಿನ ನಂತರ ಎಂಎಸ್ ಅಪಾಯ 32 ಪಟ್ಟು ಏರುವುದನ್ನು ತೋರಿಸಿತು. ಸೋಂಕು ಬಹುತೇಕ ಎಲ್ಲ ವಯಸ್ಕರಿಗೂ ತಗಲಿರುವುದರಿಂದ ಅದೊಂದೇ ಸಾಲದು. ಆನುವಂಶಿಕತೆ, ಧೂಮಪಾನ, ಹದಿಹರೆಯದ ಬೊಜ್ಜು ಮುಂತಾದವೂ ಲೆಕ್ಕಕ್ಕೆ ಬರುತ್ತವೆ.

ಭಾರತದಲ್ಲಿ ಎಂಎಸ್ ಯುರೋಪಿನಷ್ಟು ವ್ಯಾಪಕವಲ್ಲ. ಮಂಗಳೂರು ನಗರದ ಸಮೀಕ್ಷೆಯೊಂದರಲ್ಲಿ ಕಂಡದ್ದು ಲಕ್ಷಕ್ಕೆ ಸುಮಾರು 8. ಹಾಗಾಗಿ ಇಲ್ಲಿ, ಅದರಲ್ಲೂ ಎರಡೂ ಕಣ್ಣಿಗೆ ಒಟ್ಟಿಗೆ ಅಥವಾ ತೀವ್ರವಾಗಿ ಬಂದಾಗ, ಬೇರೆ ರೋಗಗಳನ್ನು ಗುರುತಿಸಲು ಅಕ್ವಾಪೊರಿನ್-4 ಮತ್ತು ಮಾಗ್ (MOG) ಎಂಬ ಪ್ರೋಟೀನ್‌ಗಳ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ ಮುಖ್ಯ. ಅಕ್ವಾಪೊರಿನ್-4 ಪ್ರತಿಕಾಯವಿರುವ ನ್ಯೂರೋಮಯಲೈಟಿಸ್ ಆಪ್ಟಿಕಾ ಬೇರೆಯೇ ರೋಗ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾದಂಥ ಔಷಧಗಳು ಅದನ್ನು ಉಲ್ಬಣಿಸಬಲ್ಲವು.