ಕಲ್ಲು ನಲುಗಿದ ಕಾಲ

ಮುದ್ದೇಬಿಹಾಳ ಸೀಮೆಯ ನಮ್ಮ ಮನೆಯ ಕಟ್ಟೆಗೆ ಹಾಸಿದ ಒಂದು ಕಲ್ಲುಂಟು. ಮೈತುಂಬ ಕರಿ ಬಿಳಿ ಪಟ್ಟೆ. ನಡುನಡುವೆ ಕಣ್ಣಿನಾಕಾರದ ಬೆಳ್ಳನೆಯ ಹರಳು. ಬಾಲ್ಯದಲ್ಲಿ ಅದರ ಮೇಲೆ ಕುಳಿತು ರಕ್ಕಸಗಿ-ತಂಗಡಗಿ ಕಾಳಗದ ಕಥೆ ಕೇಳಿದ್ದೇನೆ. 1565ರ ಜನವರಿ 23ರ ಆ ಯುದ್ಧ ಕೆಲವೇ ತಾಸುಗಳಲ್ಲಿ ಮುಗಿದು ವಿಜಯನಗರದ ಹಣೆಬರಹವನ್ನು ಬದಲಿಸಿತು. ಕಾಳಗ ಎಂದಾಯಿತು, ಎಷ್ಟು ಹೊತ್ತು ನಡೆಯಿತು, ಎರಡನ್ನೂ ಇತಿಹಾಸಕಾರ ಹೇಳುತ್ತಾನೆ. ಕುಳಿತ ಕಲ್ಲಿನ ವಿಷಯದಲ್ಲಿ ಎರಡನೆಯ ಪ್ರಶ್ನೆಯೇ ಕಠಿಣವಾದುದು.

ಈ ಸೀಮೆಯ ಕಲ್ಲುಗಳನ್ನು ರಾಬರ್ಟ್ ಬ್ರೂಸ್ ಫೂಟ್ 1876ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ವರ್ಣಿಸಿದರು. ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಎರೆಯಡಿಯಲ್ಲಿ ಲಾವಾ ಗಟ್ಟಿಯಾದ ಕರಿಕಲ್ಲು. ವಯಸ್ಸು ಸುಮಾರು 6 ಕೋಟಿ 60 ಲಕ್ಷ ವರ್ಷ. ತಾಳಿಕೋಟೆಯ ಸುತ್ತ ಸುಣ್ಣಕಲ್ಲು. ಕೃಷ್ಣೆಯ ಕಡೆಗೆ ಇವೆಲ್ಲಕ್ಕೂ ತಳಪಾಯವಾದ ನೈಸ್ ಶಿಲೆ ತಲೆಯೆತ್ತುತ್ತದೆ. ಅದು 250 ಕೋಟಿ ವರ್ಷಕ್ಕೂ ಹಳೆಯದು. ಯಾವುದರ ಮೇಲೆ ಯಾವುದು ಕೂತಿದೆಯೆಂದು ಫೂಟರು ಬಲ್ಲರು. ವರ್ಷಗಳ ಲೆಕ್ಕ ಯುರೇನಿಯಂ ಸೀಸವಾಗುವ ಗತಿ ತಿಳಿದ ಮೇಲೆ ಬಂದಿತು.

ನೆಲದಾಳದಲ್ಲಿ ಎರಡು ಶಿಲಾರಾಶಿಗಳು ಒಂದನ್ನೊಂದು ತಿಕ್ಕುತ್ತ ಸರಿದಾಗ ನಡುವಿನ ಕಲ್ಲು ಕಾವಿಗೆ ಮೆದುವಾಗಿ ಕಣಕದಂತೆ ಜಗ್ಗುತ್ತದೆ. ಗದಗದಿಂದ ಮಂಡ್ಯದವರೆಗೆ, ಚಿತ್ರದುರ್ಗದ ಶಿಲಾಪಟ್ಟಿಯ ಪೂರ್ವದಂಚಿನಲ್ಲಿ, ಇಂಥ ನಲುಗಿದ ಪಟ್ಟಿಯೊಂದುಂಟು. ಇಂಥ ಶಿಲೆಗಳಲ್ಲಿ ಕೆಲವೆಡೆ ಗಾರ್ನೆಟ್ ಎಂಬ ಕೆಂಪು ಹರಳು ಬೆಳೆಯುತ್ತದೆ. ಬೆಳೆಯುತ್ತ ಸುತ್ತಲಿನ ಖನಿಜಕಣಗಳನ್ನು ಒಡಲಿಗೆ ಸೇರಿಸಿಕೊಳ್ಳುತ್ತದೆ. ಕಲ್ಲು ಸರಿದಂತೆ ತಾನೂ ಹೊರಳುತ್ತದೆ. ಆಗ ಕಣಗಳ ಸಾಲು ಚಕ್ಕುಲಿಯಂತೆ ಸುರುಳಿಯಾಗುತ್ತದೆ. ಸುರುಳಿಯನ್ನು ಅಳೆದರೆ ಕಲ್ಲು ಎಷ್ಟು ಸರಿಯಿತೆಂಬುದು ತಿಳಿಯುತ್ತದೆ. ಇನ್ನು ಕಾಲ? ಶಿಲೆಯಲ್ಲಿರುವ ರುಬಿಡಿಯಂ ಮೆಲ್ಲನೆ ಸ್ಟ್ರಾಂಷಿಯಂ ಆಗುತ್ತಿರುತ್ತದೆ. ಹರಳಿನ ನಡುವಿಗೂ ಅಂಚಿಗೂ ಸ್ಟ್ರಾಂಷಿಯಮಿನಲ್ಲಿರುವ ಅಂತರವೇ ಅದು ಬೆಳೆದ ಅವಧಿಯ ಗಡಿಯಾರ. ಅಮೆರಿಕದ ವರ್ಮಾಂಟ್ ಪ್ರಾಂತದ ಗಾರ್ನೆಟ್ಟುಗಳನ್ನು ಹೀಗೆ ಪರೀಕ್ಷಿಸಿ 1989ರಲ್ಲಿ ಕ್ರಿಸ್ಟೆನ್ಸನ್, ರೋಸನ್‌ಫೆಲ್ಡ್, ಡಿಪಾವೊಲೊ ಎಂಬ ಮೂವರು ಉತ್ತರ ಕೊಟ್ಟರು: ಸುಮಾರು 1 ಕೋಟಿ ವರ್ಷ.

ನಮ್ಮ ಕಟ್ಟೆಯ ಕಲ್ಲಿನಲ್ಲಿ ಗಾರ್ನೆಟ್ ಕಾಣದು. ಅದರ ಕಣ್ಣುಗಳು ಎಳೆತದ ದಿಕ್ಕನ್ನಷ್ಟೇ ಹೇಳುತ್ತವೆ. ಕೃಷ್ಣೆಯ ಹಿನ್ನೀರಿಗೆ ಹಳೆಯ ಊರು ಹೋದಾಗ ಅಜ್ಜ ಬಾಗಿಲು, ತೊಲೆಗಳೊಂದಿಗೆ ಈ ಕಲ್ಲನ್ನೂ ಚಕ್ಕಡಿಯಲ್ಲಿ ಹೇರಿ ತಂದಿದ್ದ. ತಲೆತಲಾಂತರದ ಊರು ಒಂದೇ ಮಳೆಗಾಲದಲ್ಲಿ ಮುಳುಗಿತು. ಕೋಟಿ ವರ್ಷಗಳ ಮಾತು ಕೇಳಿದಾಗಲೆಲ್ಲ ನನಗೆ ಆ ಒಂದು ಮಳೆಗಾಲವೇ ನೆನಪಾಗುತ್ತದೆ.